ನಂದಿಬೆಟ್ಟ ನಂದಿಗುಡ್ಡವಾದರೆ: ಅಂಕಿತನಾಮ ಎಲ್ಲಿಗೆ ಮುಗಿಯುತ್ತದೆ?

ಮಗಳಿಗೆ ಶಾಲೆಯಲ್ಲಿ ಒಂದು ಅಭ್ಯಾಸ ಕೊಟ್ಟಿದ್ದರು: ‘ಅಂಕಿತನಾಮಗಳನ್ನು (ವ್ಯಕ್ತಿಗೆ, ಊರಿಗೆ, ಬೆಟ್ಟಕ್ಕೆ ಇಟ್ಟ ಹೆಸರುಗಳನ್ನು) ಹಾಗೆಯೇ ಉಳಿಸಿ, ಉಳಿದ ಪದಗಳಿಗೆ ಸಮಾನಾರ್ಥಕ ಪದ ಬಳಸಿ ವಾಕ್ಯವನ್ನು ಮತ್ತೆ ಬರೆಯಿರಿ.’ ಕೊಟ್ಟ ವಾಕ್ಯ ‘ನಾವು ಭಾನುವಾರ ನಂದಿಬೆಟ್ಟಕ್ಕೆ ಹೋಗಿ ಸೂರ್ಯೋದಯ ನೋಡಿದೆವು.’ ಅವಳು ಬರೆದದ್ದು ‘ನಾವು ಆದಿತ್ಯವಾರ ನಂದಿಗುಡ್ಡಕ್ಕೆ ತೆರಳಿ ಅರುಣೋದಯ ಕಂಡೆವು.’ ಗುಡ್ಡದ ಮೇಲೆ ಕೆಂಪು ಗೆರೆ ಬಿತ್ತು, ಆದಿತ್ಯವಾರಕ್ಕೆ ಸರಿ ಗುರುತು ಸಿಕ್ಕಿತು. ‘ನಂದಿಯನ್ನು ನಾನು ಮುಟ್ಟಿಯೇ ಇಲ್ಲವಲ್ಲ ಅಪ್ಪ, ಬೆಟ್ಟವನ್ನು ತಾನೇ ಬದಲಾಯಿಸಿದ್ದು?’ ಎಂಬುದು ಅವಳ ತಕರಾರು. ಸಮಾಧಾನ ಹೇಳಲು ಹೋಗಿ ನಾನೇ ಸಿಕ್ಕಿಬಿದ್ದಿದ್ದೇನೆ. (ಅರುಣೋದಯವೂ ತಪ್ಪೇ. ಅದು ಸೂರ್ಯ ಹುಟ್ಟುವುದಕ್ಕೆ ಮುಂಚಿನ ಹೊತ್ತು. ಅದಕ್ಕೆ ಯಾರೂ ಗೆರೆ ಎಳೆಯಲಿಲ್ಲ.)

ಗುಡ್ಡ ತಪ್ಪೆಂದು ತೋರಿಸುವುದು ಸುಲಭ. ನಂದಿಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ನಂದಿಗುಡ್ಡ ಮಂಗಳೂರಿನ ಒಂದು ಜಾಗ, ಅಲ್ಲಿರುವುದು ಸ್ಮಶಾನ. ಕೋಟೆಯೂ ದುರ್ಗವೂ ನಿಘಂಟಿನಲ್ಲಿ ಒಂದೇ, ಆದರೆ ಹೊಸಕೋಟೆಗೆ ಹೊರಟವನನ್ನು ಹೊಸದುರ್ಗದ ಬಸ್ಸಿಗೆ ಹತ್ತಿಸಿದರೆ ಅವನು ಬೆಂಗಳೂರಿನ ಪಕ್ಕದಲ್ಲಿ ಇಳಿಯುವ ಬದಲು ಚಿತ್ರದುರ್ಗ ಜಿಲ್ಲೆಯಲ್ಲಿ ಇಳಿಯುತ್ತಾನೆ.

ಹಾಗಾದರೆ ‘ಕಾವೇರಿ ನದಿ’ಯನ್ನು ‘ಕಾವೇರಿ ಹೊಳೆ’ ಎಂದರೆ ಯಾರೂ ಏಕೆ ದಾರಿ ತಪ್ಪುವುದಿಲ್ಲ? ನಾನು ಒಂದು ಪರೀಕ್ಷೆ ಮಾಡಿ ನೋಡಿದೆ: ಹಿಂದಿನ ಪದವನ್ನು ಉಳಿಸಿ, ಮುಂದಿನದನ್ನು ಕಿತ್ತುಹಾಕುವುದು. ‘ಕಾವೇರಿ ತುಂಬಿದೆ’ ಎಂದರೆ ಅರ್ಥ ಕೆಡುವುದಿಲ್ಲ. ಆದ್ದರಿಂದ ನದಿ ಹೆಸರಿನ ಹೊರಗಿನದು. ‘ನಂದಿಗೆ ಹೋದೆವು’ ಎಂದರೆ ಬೆಟ್ಟದ ಬುಡದ ಊರಿಗೆ, ಭೋಗನಂದೀಶ್ವರನ ಗುಡಿಗೆ ಹೋದಂತಾಯಿತು. ಆದ್ದರಿಂದ ಬೆಟ್ಟ ಹೆಸರಿನ ಒಳಗಿನದು. ಚಿತ್ರದುರ್ಗದ ದುರ್ಗವನ್ನು ಕಿತ್ತು ‘ಚಿತ್ರಕ್ಕೆ ಹೋದೆವು’ ಎಂದರಂತೂ ಸಿನಿಮಾ! ಅಲ್ಲಿಯವರು ಬರಿಯ ‘ದುರ್ಗ’ ಎನ್ನುತ್ತಾರೆ, ಚಿತ್ರವೇ ಬಿದ್ದುಹೋಗುತ್ತದೆ. ಮಡಿಕೇರಿಯ ಅಬ್ಬಿ ಜಲಪಾತ ಇನ್ನೊಂದು ತಮಾಷೆ. ಅಬ್ಬಿ ಎಂದರೇ ಜಲಪಾತ. ಸಾಮಾನ್ಯ ಪದವೇ ಅಂಕಿತವಾಗಿ ಕುಳಿತು, ಮೇಲೆ ಮತ್ತೊಂದು ಜಲಪಾತವನ್ನು ಹೊತ್ತಿದೆ.

ಇಷ್ಟಾಗಿಯೂ ಮನಸ್ಸು ಒಪ್ಪುತ್ತಿಲ್ಲ. ಏಕೆಂದರೆ ಅದೇ ಬೆಟ್ಟ ನಂದಿಗಿರಿಯೂ ಹೌದು, ನಂದಿದುರ್ಗವೂ ಹೌದು. ಇನ್ನು ಹಿಂದಿನವರಿಗೆ ಈ ಕಟ್ಟುಪಾಡು ಇದ್ದಂತೆಯೇ ಕಾಣುವುದಿಲ್ಲ. ಶ್ರವಣಬೆಳಗೊಳದ ಶಾಸನಗಳು ಬೆಳ್ಗೊಳವನ್ನು (ಬಿಳಿಯ ಕೊಳ) ಬಿಡಿಸಿ ಧವಳಸರೋವರ, ಶ್ವೇತಸರೋವರ ಎಂದುಬಿಟ್ಟಿವೆ. ಅರ್ಜುನನನ್ನು ಪಾರ್ಥ, ಕಿರೀಟಿ ಎನ್ನುವುದು ಬೇರೆ ಮಾತು, ಅವು ಬೇರೆ ಹೆಸರುಗಳು. ಸಂಸ್ಕೃತ ಕಾವ್ಯದಲ್ಲಿ ದಶರಥ ‘ಪಂಕ್ತಿರಥ’ನಾಗುತ್ತಾನೆ: ಪಂಕ್ತಿಗೆ ಹತ್ತು ಎಂಬ ಅರ್ಥವಿರುವುದರಿಂದ ಹೆಸರಿನ ಒಡಲಿಗೇ ಕೈಹಾಕಿ ಬಿಡಿಭಾಗ ಬದಲಿಸಿದಂತೆ. ಛಂದಸ್ಸಿಗೆ ಬೇಕಾದರೆ ಕವಿಗೆ ಕ್ಷಮೆಯುಂಟು, ಮಗಳಿಗೆ ಮಾತ್ರ ಕೆಂಪು ಗೆರೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ಸರಿ ಗುರುತು ಬಿದ್ದ ಆದಿತ್ಯವಾರ. ವಾರದ ಹೆಸರು ಅಂಕಿತನಾಮವೇ ಆದರೆ ಅದನ್ನೂ ಮುಟ್ಟಬಾರದಿತ್ತು. ಅಲ್ಲವೆಂದರೆ ಯಾವ ಸಮಾನಾರ್ಥಕವಾದರೂ ಸಲ್ಲಬೇಕು. ಆದರೆ ಬಳಕೆ ಎರಡನ್ನೂ ಒಪ್ಪುವುದಿಲ್ಲ. ಭಾನುವಾರ ಇದೆ, ಉತ್ತರ ಕರ್ನಾಟಕದ ರವಿವಾರ ಇದೆ, ಆದಿತ್ಯವಾರ ಇದೆ; ಸೂರ್ಯವಾರ, ದಿನಕರವಾರ ಇಲ್ಲ. ಸೋಮವಾರ ಉಂಟು, ಚಂದ್ರವಾರ ಇಲ್ಲ. ಪೂಜೆಯ ಸಂಕಲ್ಪದಲ್ಲಿ ಮಾತ್ರ ಸೋಮವಾರಕ್ಕೆ ಇಂದುವಾಸರ, ಮಂಗಳವಾರಕ್ಕೆ ಭೌಮವಾಸರ, ಶುಕ್ರವಾರಕ್ಕೆ ಭೃಗುವಾಸರ, ಶನಿವಾರಕ್ಕೆ ಸ್ಥಿರವಾಸರ ಎಂದು ಪುರೋಹಿತರು ಸರಾಗವಾಗಿ ಬದಲಾಯಿಸುತ್ತಾರೆ.

ಇದನ್ನು ವ್ಯಾಕರಣದಲ್ಲಿ ಏನೆಂದು ಕರೆಯಬೇಕು? ವಾರಗಳು ರೂಢನಾಮವೋ (ನದಿ, ಬೆಟ್ಟದಂಥ ಸಾಮಾನ್ಯ ಹೆಸರು) ಅಂಕಿತನಾಮವೋ? ಹಳೆಯ ಶಾಸನದಲ್ಲಾಗಲಿ ನಿಮ್ಮ ಊರಿನ ಮಾತಿನಲ್ಲಾಗಲಿ ‘ಸೂರ್ಯವಾರ’ವನ್ನು ಕಂಡವರು, ಕೇಳಿದವರು ಇದ್ದರೆ ದಯವಿಟ್ಟು ತಿಳಿಸಿ.