ಸಹಾಯ ಬೇಕು: ಗಿಡಮೂಲಿಕೆಗಳಿಂದ ಕೂದಲಿನ ಬಣ್ಣ ತಿಳಿಗೊಳಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬ್ಲೀಚ್ ಬಳಸದೆ ನನ್ನ ಗಾಢ ಕಂದು ಕೂದಲನ್ನು ಸ್ವಲ್ಪ ತಿಳಿಗೊಳಿಸಬೇಕೆಂದಿದ್ದೇನೆ. ಹೊಂಬಣ್ಣವೇ ಬರಬೇಕೆಂಬ ಹಟವೇನೂ ಇಲ್ಲ. ಕ್ಯಾಮೊಮೈಲ್ ಹೂವಿನ ಕಷಾಯದಲ್ಲಿರುವ ಎಪಿಜೆನಿನ್ ಎಂಬ ಹಳದಿ ವರ್ಣದ್ರವ್ಯವು ಕೂದಲಿನ ಮೇಲೆ ತೆಳುವಾಗಿ ಕೂರುತ್ತದೆಯೇ ಹೊರತು ಒಳಗಿನ ಮೆಲನಿನ್ (ಕೂದಲಿನ ಸಹಜ ಬಣ್ಣದ ವರ್ಣದ್ರವ್ಯ) ಅನ್ನು ತೆಗೆಯುವುದಿಲ್ಲವಾದ್ದರಿಂದ, ಗಾಢ ಕೂದಲಿನ ಮೇಲೆ ಅದು ಎದ್ದು ಕಾಣುವುದಿಲ್ಲ. ಜೇನುತುಪ್ಪಕ್ಕೆ ನೀರು ಬೆರೆಸಿದಾಗ ಅದರಲ್ಲಿನ ಕಿಣ್ವದಿಂದ ಕೂದಲಿನ ಬಣ್ಣ ತಿಳಿಗೊಳಿಸುವ ಹೈಡ್ರೋಜನ್ ಪೆರಾಕ್ಸೈಡ್ ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಹೆಚ್ಚು ಬಿಸಿಯಾದರೆ ಆ ಕಿಣ್ವವೇ ಕೆಡುವುದರಿಂದ ನಾನು ತಣ್ಣೀರನ್ನೇ ಬೆರೆಸುತ್ತಿದ್ದೇನೆ. ಅಂಟು ಮಿಶ್ರಣ ಕತ್ತಿನ ಹಿಂದೆ ಇಳಿಯುವ ಅವಾಂತರವನ್ನೆಲ್ಲ ಸಹಿಸಿಕೊಂಡರೂ, ಕಿವಿಯ ಪಕ್ಕದ ಎಳೆಗಳು ಬಿಸಿಲಿಗೆ ಹಿಡಿದಾಗ ಮಾತ್ರ ತುಸು ಕೆಂಪಾಗಿ ಕಾಣುತ್ತವೆ.

ನಿಂಬೆರಸ ಹಚ್ಚಿ ಬಿಸಿಲಿನಲ್ಲಿ ಕೂರುವ ಸಲಹೆಯನ್ನು ದಯವಿಟ್ಟು ಕೊಡಬೇಡಿ: ಕೂದಲು ಒರಟಾಗುವುದಲ್ಲದೆ, ರಸ ತಾಗಿದ ಚರ್ಮ ಬಿಸಿಲಿಗೆ ಸುಟ್ಟು ಗುಳ್ಳೆ ಏಳುವ ಅಪಾಯವೂ ಇದೆ. ಜೇನಿಗೆ ದಾಲ್ಚಿನ್ನಿ ಪುಡಿ ಬೆರೆಸಿ ಹಚ್ಚಿದವರಿದ್ದರೆ, ನೆತ್ತಿ ಉರಿಯಿತೇ, ಎಷ್ಟು ಹೊತ್ತು ಬಿಟ್ಟು ತೊಳೆದಿರಿ, ಬಣ್ಣದಲ್ಲಿ ನಿಜವಾಗಿಯೂ ವ್ಯತ್ಯಾಸ ಕಂಡಿತೇ ಎಂಬುದನ್ನು ತಿಳಿಸಿ. ನನ್ನ ಕೂದಲಿನ ತುದಿಗಳಲ್ಲಿ ಹಳೆಯ ಮೆಹೆಂದಿಯ ಬಣ್ಣ ಇನ್ನೂ ಉಳಿದಿದೆ. ಅಂಥ ಭಾಗವನ್ನು ಕತ್ತರಿಸದೆ ಉಳಿದ ಕೂದಲಿನೊಂದಿಗೆ ಹೊಂದಿಸಲು ದಾರಿಯಿದೆಯೇ?