ಡೇವನ್‌ಪೋರ್ಟ್ ಮೋಟಾರನ್ನು ‘ಕಂಡುಹಿಡಿದನೇ’?

ಅಮೆರಿಕದ ವರ್ಮಾಂಟ್ ರಾಜ್ಯದ ಕಮ್ಮಾರ ಥಾಮಸ್ ಡೇವನ್‌ಪೋರ್ಟನ (1802–1851) ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿರುವ ಲೇಖನವೊಂದರಲ್ಲಿ ಒಂದೇ ಒಂದು ಕ್ರಿಯಾಪದ ನನ್ನನ್ನು ತಡೆದು ನಿಲ್ಲಿಸಿದೆ. ‘ಅವನು ವಿದ್ಯುತ್ ಮೋಟಾರನ್ನು ಕಂಡುಹಿಡಿದನು’ ಎನ್ನಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಕನ್ನಡದಲ್ಲಿ ಕಳ್ಳನನ್ನೂ ಕಂಡುಹಿಡಿಯುತ್ತೇವೆ, ರೋಗದ ಮೂಲವನ್ನೂ ಕಂಡುಹಿಡಿಯುತ್ತೇವೆ, ಯಂತ್ರವನ್ನೂ ಕಂಡುಹಿಡಿಯುತ್ತೇವೆ. ಮೊದಲೆರಡು ಕಡೆ, ಹಿಡಿಯಬೇಕಾದದ್ದು ಮೊದಲೇ ಎಲ್ಲೋ ಇರುತ್ತದೆ. ಅಮೆರಿಕದ ಆಲ್ಬನಿಯಲ್ಲಿ ಪಾಠ ಹೇಳುತ್ತಿದ್ದ ವಿಜ್ಞಾನಿ ಜೋಸೆಫ್ ಹೆನ್ರಿ ತಂತಿಸುರುಳಿಯ ಸ್ವಪ್ರೇರಣೆಯನ್ನು (ತನ್ನಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತವನ್ನು ಸುರುಳಿ ತಾನೇ ತಡೆಯುವ ಗುಣವನ್ನು) ಗುರುತಿಸಿದ್ದಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಡೇವನ್‌ಪೋರ್ಟನ ಕೆಲಸ ಆ ಜಾತಿಯದಲ್ಲ. 1833ರಲ್ಲಿ ಅವನು, ನ್ಯೂಯಾರ್ಕ್ ರಾಜ್ಯದ ಕ್ರೌನ್ ಪಾಯಿಂಟ್ ಬಳಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಬೇರ್ಪಡಿಸುವ ಕೆಲಸಕ್ಕೆ ಇಟ್ಟಿದ್ದ ಹೆನ್ರಿ ಮಾದರಿಯ ವಿದ್ಯುತ್ಕಾಂತವನ್ನು (ಸುತ್ತಿದ ತಂತಿಯಲ್ಲಿ ವಿದ್ಯುತ್ ಹರಿದಾಗ ಕಾಂತವಾಗುವ ಕಬ್ಬಿಣವನ್ನು) ಕೊಂಡು ತಂದು, ಅದರ ಸುತ್ತುಗಳನ್ನು ಬಿಚ್ಚಿ ನೋಡಿ, ತಾನೂ ಅಂಥದ್ದನ್ನು ಮಾಡತೊಡಗಿದನು. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ಅದರ ಮೇಲೆ ಸುತ್ತಲು ಹೆಂಡತಿ ಎಮಿಲಿ ತನ್ನ ಮದುವೆಯ ರೇಷ್ಮೆಯುಡುಪನ್ನೇ ಹರಿದುಕೊಟ್ಟಳೆಂಬ ಮಾತಿದೆ. ಕಾಂತಗಳ ಧ್ರುವಗಳನ್ನು ತಕ್ಕ ಗಳಿಗೆಯಲ್ಲಿ ಅದಲುಬದಲು ಮಾಡಿ ಚಕ್ರವನ್ನು ನಿಲ್ಲದೆ ತಿರುಗಿಸುವ ದಿಕ್ಪರಿವರ್ತಕವನ್ನು ಅಳವಡಿಸಿದ ಆ ಯಂತ್ರಕ್ಕೆ 1837ರ ಫೆಬ್ರವರಿ 25ರಂದು 132ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು. (ಇದನ್ನು ‘ಹಕ್ಕುಸ್ವಾಮ್ಯ’ ಎಂದು ಬರೆಯುವವರಿದ್ದಾರೆ, ಅದು ಪುಸ್ತಕದ ಹಕ್ಕಿಗೆ ಸಲ್ಲುವ ಮಾತಾದ್ದರಿಂದ ನಾನು ಒಪ್ಪಲಾರೆ.) ಪೇಟೆಂಟಿನ ತಲೆಬರಹದಲ್ಲಿರುವುದೂ ‘ಸುಧಾರಣೆ’ ಎಂಬರ್ಥದ ಪದವೇ, ಅದಕ್ಕೂ ಮೊದಲೇ ಯುರೋಪಿನಲ್ಲಿ ಸ್ಟರ್ಜನ್, ಯಾಕೋಬಿ ಮೊದಲಾದವರು ವಿದ್ಯುತ್ತಿನಿಂದ ತಿರುಗುವ ಯಂತ್ರಗಳನ್ನು ಮಾಡಿದ್ದರು.

ಹಾಗಾದರೆ ಯಾವ ಪದ? ‘ಆವಿಷ್ಕರಿಸಿದನು’ ಎಂದರೆ ಪತ್ರಿಕೆಯ ಓದುಗರಿಗೆ ತಿಳಿಯುತ್ತದೆ, ಆದರೆ ಸಂಸ್ಕೃತದ ಮೂಲಾರ್ಥ ಹಿಡಿದರೆ ಅದೂ ಮರೆಯಲ್ಲಿದ್ದುದನ್ನು ಬಯಲಿಗೆ ತರುವುದೇ. ‘ಸಂಶೋಧಕ’ ಈಗ ವಿಶ್ವವಿದ್ಯಾಲಯದ ಪಾಲಾಗಿದೆ. ವಿಜ್ಞಾನ ಬರಹಗಳಲ್ಲಿ ಕಾಣುವ ‘ಉಪಜ್ಞೆ’ (ಮೊದಲಿಲ್ಲದ್ದನ್ನು ತಾನೇ ಯೋಚಿಸಿ ಮಾಡುವುದು) ಅರ್ಥದಲ್ಲಿ ಕರಾರುವಾಕ್ಕಾದ ಪದ, ಆದರೆ ಹತ್ತು ವರ್ಷದ ಮಗುವಿಗೆ ಅದನ್ನು ಹೇಗೆ ಬಡಿಸುವುದು? ‘ನಿರ್ಮಿಸಿದನು’ ಎಂದರೆ ಯಾರೋ ಕೊಟ್ಟ ನಕ್ಷೆ ನೋಡಿ ಕಟ್ಟಿದಂತಾಗುತ್ತದೆ. ‘ರೂಪಿಸಿದನು’ ಎಂಬುದರ ಕಡೆಗೆ ನನ್ನ ಒಲವಿದೆಯಾದರೂ ಬೆಂಕಿ, ಸುತ್ತಿಗೆಗಳ ನಡುವೆ ಬದುಕಿದವನಿಗೆ ಅದು ತುಸು ನಯವಾಯಿತೇನೋ ಎನ್ನಿಸುತ್ತದೆ.

ಗಾಡಿಯನ್ನು ‘ಕಟ್ಟುವ’ ಬಡಗಿಯ ಮಾತಿನಂತೆ, ಹೊಸ ಉಪಕರಣವೊಂದನ್ನು ತಾನೇ ಯೋಚಿಸಿ ಮಾಡಿದ್ದನ್ನು ಹೇಳಲು ಕಮ್ಮಾರಸಾಲೆಗಳಲ್ಲಿ ಬೇರೆ ಮಾತೇನಾದರೂ ಬಳಕೆಯಲ್ಲಿದೆಯೇ? ಅದು ಕೂರಬೇಕಾದ ವಾಕ್ಯ ಹೀಗಿದೆ: ‘1840ರಲ್ಲಿ ಡೇವನ್‌ಪೋರ್ಟ್, ತಾನು ——ದ ಮೋಟಾರಿನಿಂದಲೇ ಅಚ್ಚಿನ ಯಂತ್ರವನ್ನು ನಡೆಸಿ, ವಿದ್ಯುತ್ಕಾಂತದ ಹೆಸರು ಹೊತ್ತ ಪತ್ರಿಕೆಯೊಂದನ್ನು ಮುದ್ರಿಸಿದನು.’