ಎಂಆರ್‌ಐನಲ್ಲಿ ಡಿಸ್ಕ್ ಜಾರಿದೆ ಎಂದು ಬಂದಿದೆ: ಆಪರೇಷನ್ ಅನಿವಾರ್ಯವೇ?

ಪ್ರಶ್ನೆ (ಆಳಂದ): ನಮ್ಮ ತಂದೆಯವರಿಗೆ 52 ವರ್ಷ. ಮೂರು ವಾರಗಳ ಹಿಂದೆ ತೊಗರಿ ಚೀಲವನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಅವರ ಸೊಂಟ ಹಿಡಿಯಿತು. ಮರುದಿನದಿಂದ ನೋವು ತೊಡೆಯ ಹಿಂಭಾಗದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಇಳಿಯುತ್ತಿದ್ದು, ಕೆಮ್ಮಿದರೆ ಹೆಚ್ಚಾಗುತ್ತದೆ. ಕಲಬುರಗಿಯಲ್ಲಿ ಮಾಡಿಸಿದ ಎಂಆರ್‌ಐನಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ) ಡಿಸ್ಕ್ ಜಾರಿದೆ ಎಂದಿದ್ದಾರೆ. ಹಿರಿಯರು ಬೆನ್ನು ತುಳಿಸಿರಿ ಎಂದು ಒತ್ತಾಯಿಸುತ್ತಿದ್ದಾರೆ. ಏನು ಮಾಡಬೇಕು?

ಉತ್ತರ 1 (ಕಲಬುರಗಿ, ಫಿಸಿಯೋಥೆರಪಿಸ್ಟ್): ದಯವಿಟ್ಟು ತುಳಿಸಬೇಡಿರಿ. ಜಾರಿದೆ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಎರಡು ಮೂಳೆಗಳ ನಡುವೆ ಬಿಗಿಯಾಗಿ ಕೂಡಿಕೊಂಡಿರುವ ಡಿಸ್ಕಿನ ಹೊರಗಿನ ನಾರಿನ ಸುತ್ತು ಹರಿದು, ಒಳಗಿನ ಲೋಳೆಯಂಥ ತಿರುಳು ಹೊರಚಾಚಿ ನರವನ್ನು ಒತ್ತುತ್ತದೆ ಮತ್ತು ಅಲ್ಲಿ ಉರಿಯೂತ ಉಂಟುಮಾಡುತ್ತದೆ. ಅದನ್ನು ಕಾಲಿನಿಂದ ಒತ್ತಿ ಒಳಗೆ ಕೂಡಿಸಲಾಗದು. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಕಾಲುನೋವು ಇಳಿಯುತ್ತದೆ. ನೋವೇ ಇಲ್ಲದ ಐವತ್ತು ದಾಟಿದವರ ಸ್ಕ್ಯಾನ್‌ನಲ್ಲಿಯೂ ಡಿಸ್ಕ್ ಉಬ್ಬಿರುವುದು ಸಾಮಾನ್ಯ. ಆದ್ದರಿಂದ ಫಿಲ್ಮಿಗಿಂತ ಕಾಲನ್ನು ನೋಡಿರಿ: ತಂದೆಯವರು ಹಿಮ್ಮಡಿಯ ಮೇಲೆ ನಡೆಯಬಲ್ಲರೇ, ನೀವು ಒತ್ತಿ ಹಿಡಿದಾಗ ಎರಡೂ ಹೆಬ್ಬೆರಳುಗಳನ್ನು ಸಮನಾಗಿ ಮೇಲಕ್ಕೆತ್ತಬಲ್ಲರೇ? ಮೂತ್ರ ಕಟ್ಟಿದರೆ, ಅರಿವಿಲ್ಲದೆ ಮೂತ್ರ ಹೋದರೆ, ಅಥವಾ ತೊಡೆಸಂದಿಯ ಸುತ್ತ ಜೋಮು ಹಿಡಿದರೆ ಬೆಳಗಾಗುವವರೆಗೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಉತ್ತರ 2 (ಬೀದರ್): ನನಗೂ ಇದೇ ಆಗಿತ್ತು. ಅಲುಗಾಡಬಾರದೆಂದು ಯಾರೋ ಹೇಳಿದ್ದನ್ನು ನಂಬಿ ಒಂದು ತಿಂಗಳು ಮಲಗಿಯೇ ಇದ್ದೆ, ಏಳುವಾಗ ಕಾಲಲ್ಲಿ ಬಲವೇ ಇರಲಿಲ್ಲ. ಒಂದೆರಡು ದಿನದ ವಿಶ್ರಾಂತಿ ಸಾಕು, ನಂತರ ಸಹಿಸುವಷ್ಟು ನಡೆಯಬೇಕು ಎಂದು ವೈದ್ಯರು ತಿದ್ದಿದರು. ನೆಲಕ್ಕೆ ಕೂತು ಮುಂದೆ ಬಾಗಿ ರೊಟ್ಟಿ ತಟ್ಟುವುದನ್ನು ಬಿಟ್ಟು ನಿಂತುಕೊಂಡು ಅಡುಗೆ ಕಟ್ಟೆಯ ಮೇಲೆ ತಟ್ಟತೊಡಗಿದ ಬಳಿಕ ನನಗೆ ಬಹಳ ಹಗುರವಾಯಿತು.

ಉತ್ತರ 3 (ಯಾದಗಿರಿ): ಕಾಯುವುದು ಸರಿ, ಆದರೆ ಕಾಲಿನ ಶಕ್ತಿ ಕುಂದುತ್ತಿದ್ದರೆ ಕಾಯಬೇಡಿರಿ. ನಡೆಯುವಾಗ ನನ್ನ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಪಟ್ಟಿ ಸಡಿಲಾಗಿದೆ ಎಂದುಕೊಂಡು ಹೊಸ ಜೋಡು ಕೊಂಡೆ. ಪಾದ ಎತ್ತುವ ಶಕ್ತಿಯೇ ಹೋಗುತ್ತಿತ್ತೆಂದು ತಿಳಿದಾಗ ತಡವಾಗಿತ್ತು. ಆಪರೇಷನ್‌ನಲ್ಲಿ ನರವನ್ನು ಒತ್ತುತ್ತಿದ್ದ ತುಣುಕನ್ನು ತೆಗೆದ ಬಳಿಕ ಕಾಲುನೋವು ಹೋಯಿತು, ಪಾದದ ಬಲ ಮಾತ್ರ ಪೂರ್ತಿ ಮರಳಲಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಪಡಸಾಲೆಯಲ್ಲಿ ನಡೆಸಿ ನೋಡಿದೆವು. ಹಿಮ್ಮಡಿಯ ಮೇಲೆ ನಡೆದರು, ಆದರೆ ಎಡ ಹೆಬ್ಬೆರಳು ನನ್ನ ಒಂದೇ ಬೆರಳಿನ ಒತ್ತಿಗೆ ಸೋಲುತ್ತಿದೆ. ನಾಳೆ ಮೊದಲ ಬಸ್ಸಿಗೆ ಕಲಬುರಗಿಗೆ ಕರೆದೊಯ್ದು ನರರೋಗ ಶಸ್ತ್ರಚಿಕಿತ್ಸಕರಿಗೆ ತೋರಿಸುತ್ತೇವೆ.